ಗಿಟಾರಿಗೆ ಅಕ್ಕ ಸುತ್ತಿದ ತಂತಿ

ಬ್ಯಾಂಡಿನ ಆ ಮನುಷ್ಯ ಅಷ್ಟೆಲ್ಲ ಅಂದ ಮೇಲೂ ಅಕ್ಕ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಮ್ಮನಿಗೆ ಮಾತ್ರೆ ಕೊಟ್ಟು, ಆಮೇಲೆ ವಿಷಯ ಹೇಳಿದಳು. ಅದೂ ಹೇಗೆ? ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವಂತೆ ಅನ್ನುವ ಧಾಟಿಯಲ್ಲಿ.

"ಗಿಟಾರ್ ಬದಲಾಯಿಸಬೇಕಂತೆ ಕಣೇ. ಈ ಭಾನುವಾರದೊಳಗೆ. ಇಲ್ಲಾಂದ್ರೆ ನಾನು ಬರೋದೇ ಬೇಡವಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಬೇಡ ಅನ್ನೋಕೆ ಅವನ್ಯಾರೇ? ಅವನಪ್ಪನ ಮನೆ ಬ್ಯಾಂಡಾ ಅದು?"

"ಹೌದಲ್ಲ, ಅವರಪ್ಪ ಶುರು ಮಾಡಿದ್ದೇ ತಾನೇ," ಎಂದಳು ಅಕ್ಕ, ತಟ್ಟೆ ಹಾಕುತ್ತಾ.

ಇಂಥವಳ ಜೊತೆ ಹೇಗೆ ಏಗುವುದು ಹೇಳಿ. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಹನ್ನೊಂದು ವರ್ಷದಿಂದ ದಿನಕ್ಕೆ ಸಾವಿರ ಜನರ ಹತ್ತಿರ ಗಂಟಲು ಹರಿದುಕೊಂಡು ಬದುಕುತ್ತಿದ್ದೇನೆ. ಒಳಗೆ ನಡೀರಿ, ಫುಟ್‌ಬೋರ್ಡ್ ಬಿಡಿ, ಚಿಲ್ಲರೆ ಕೊಡಿ. ನನ್ನ ಬಾಯಿಗೆ ಹೆದರಿ ನಿಲ್ದಾಣಕ್ಕೆ ಮೊದಲೇ ಇಳಿದವರಿದ್ದಾರೆ. ಅಕ್ಕ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು, ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ ಸಿಟ್ಟು ಅನ್ನುವುದು ಬಂದದ್ದನ್ನು ನಾನು ನೋಡಿರಲಿಲ್ಲ. ದೇವರು ಇಬ್ಬರ ಪಾಲನ್ನೂ ನನ್ನೊಬ್ಬಳಿಗೇ ಸುರಿದಿದ್ದಾನೆ ಎಂದು ಅಮ್ಮ ಹೇಳುವುದುಂಟು.

ಹಗಲು ಹೊತ್ತು ಅಕ್ಕನದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಫ್ಯಾನು, ಪಂಪು, ಮಿಕ್ಸಿ ಎಲ್ಲ ಅವಳ ಮೇಜಿಗೆ ಬರುತ್ತವೆ. ಕರಕಲಾದ ಹಳೆಯ ತಂತಿಯನ್ನು ಕತ್ತರಿಸಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಲೆಕ್ಕ ತಪ್ಪದೆ ಸುತ್ತಿ ಕೂರಿಸುತ್ತಾಳೆ. ವಾರದ ಕೊನೆಗೆ ಬ್ಯಾಂಡು. ಹೋಟೆಲುಗಳಲ್ಲಿ, ಕಂಪನಿಗಳ ಪಾರ್ಟಿಗಳಲ್ಲಿ ಹಳೆಯ ಸಿನಿಮಾ ಹಾಡು ನುಡಿಸುವ ಆರು ಜನರ ಗುಂಪು. ಹದಿನಾರು ವರ್ಷದಿಂದ ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಕ್ಕನದು. ನಿಲ್ಲುವ ಜಾಗ ಡ್ರಮ್ಮಿನ ಪಕ್ಕ, ಕಂಬದ ಹಿಂದೆ. ಮುಂದೆ ನಿಂತರೆ ಫೋಟೋದಲ್ಲಿ ಸರಿ ಕಾಣುವುದಿಲ್ಲ ಎಂದು ಆ ಮನುಷ್ಯ ಮೊದಲ ದಿನವೇ ಹೇಳಿದ್ದನಂತೆ. ಇವಳು ತಲೆಯಾಡಿಸಿ ಹಿಂದೆ ಹೋಗಿ ನಿಂತವಳು ಹಿಂದೆಯೇ ಇದ್ದಾಳೆ.

ಆ ಮನುಷ್ಯನನ್ನು ನಾನು ಸೂಟು ಅನ್ನುತ್ತೇನೆ. ಬ್ಯಾಂಡಿನ ಯಜಮಾನ. ರಸ್ತೆಯ ಡಾಂಬರು ಕರಗುವ ಬಿಸಿಲಿನಲ್ಲೂ ಕೋಟು ಬಿಚ್ಚದ ಆಸಾಮಿ. ಬೆವರು ಒರೆಸಿಕೊಳ್ಳುತ್ತಲೇ ಎಲ್ಲರಿಗೂ ಶಿಸ್ತು ಬೋಧಿಸುತ್ತಾನೆ.

ಅವನು ಹೇಳಿದ್ದರಲ್ಲಿ ಒಂದು ಮಾತು ನಿಜ, ಅದನ್ನು ಒಪ್ಪಿಕೊಳ್ಳಬೇಕು. ಅಕ್ಕನ ಗಿಟಾರ್ ಗುಂಯ್‌ಗುಡುತ್ತಿತ್ತು. ಮೊದಲೇ ಅದು ಎರಡು ಕೈ ದಾಟಿ ಬಂದದ್ದು. ತಲೆಯ ಮೇಲಿದ್ದ ಕಂಪನಿಯ ಹೆಸರು ಸವೆದುಹೋಗಿದೆ, ಅವಳ ಮೊಣಕೈ ಒರಗುವ ಕಡೆ ಬಣ್ಣ ಕಿತ್ತು ಮರ ಕಾಣುತ್ತದೆ. ಹಾಲ್‌ಗಳಿಗೆಲ್ಲ ಹೊಸ ಬಣ್ಣದ ದೀಪಗಳು ಬಂದ ಮೇಲೆ ಆ ಸದ್ದು ವಿಪರೀತವಾಯಿತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಸ್ಪೀಕರಿನಿಂದ ಗುಂಯ್ ಅಂತ ಒಂದೇ ಸಮನೆ. ಜನ ತಿರುಗಿ ನೋಡುತ್ತಿದ್ದರಂತೆ.

ಅದಕ್ಕೆ ಪಾಪ ಅಕ್ಕ, ಎರಡು ವರ್ಷದಿಂದ ಅಷ್ಟಿಷ್ಟು ತೆಗೆದಿಟ್ಟಿದ್ದನ್ನೆಲ್ಲ ಬ್ಯಾಗಿಗೆ ಹಾಕಿಕೊಂಡು ಸೋಮವಾರ ಸೂಟು ಹೇಳಿದ ಅಂಗಡಿಗೇ ಹೊರಟಳು. ಒಬ್ಬಳನ್ನೇ ಕಳಿಸಿದರೆ ಅಂಗಡಿಯವನು ತಲೆ ಬೋಳಿಸುತ್ತಾನೆಂದು ನಾನೂ ಹೊರಟೆ.

ಅಂಗಡಿಯವನು ನಮ್ಮನ್ನು ನೋಡಿದವನೇ, "ಬನ್ನಿ ಮೇಡಂ, ಮಗಳಿಗಾ? ಗುಲಾಬಿ ಬಣ್ಣದ್ದು ಹೊಸದಾಗಿ ಬಂದಿದೆ," ಎಂದ.

"ನನಗೇ," ಎಂದಳು ಅಕ್ಕ.

"ಓ, ಈಗ ಕಲೀತಿದೀರಾ? ಒಳ್ಳೇದು ಒಳ್ಳೇದು, ಕಲಿಯೋಕೆ ವಯಸ್ಸಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದು, ತಾನು ಯಾವ ಬ್ಯಾಂಡಿನವಳು, ಯಾರು ಕಳಿಸಿದ್ದು ಎಂದು ಹೇಳಿದಳು. ಅವಳ ಕೈಗೆಟಕುವ ಬೆಲೆಯ ಗಿಟಾರ್‌ಗಳು ಮೂರು ಇದ್ದವು. ಒಂದೊಂದನ್ನೂ ಸ್ಪೀಕರಿಗೆ ಸಿಕ್ಕಿಸಿ ನುಡಿಸಿ ನೋಡಿದಳು. ಮೂರೂ ಗುಂಯ್! ಹಳೆಯದರಷ್ಟೇ, ಒಂದು ಕೈ ಹೆಚ್ಚೇ. ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ಅಂಚು ಬೆರಳಿಗೆ ಕೊಯ್ಯುತ್ತಿತ್ತು. ಸದ್ದಿಲ್ಲದ ಗಿಟಾರ್ ಬೇಕೆಂದರೆ ಗೋಡೆಯ ಮೇಲಿನ ಸಾಲು ನೋಡಬೇಕಂತೆ. ಆ ಸಾಲಿನ ಬೆಲೆಗೆ ನಾವು ಮೂವರೂ ಆರು ತಿಂಗಳು ಉಪವಾಸ ಬೀಳಬೇಕು.

"ನಿಮ್ಮ ಬ್ಯಾಂಡ್ ಮಾಸ್ಟರ್ ಭಾಮೈದನೂ ಮೊನ್ನೆ ಇದನ್ನೇ ನೋಡಿ ಬಿಟ್ಟು ಹೋದ. ಅವನಿಗೂ ಈ ಸದ್ದು ಸರಿ ಬರ್ಲಿಲ್ಲ," ಎಂದ ಅಂಗಡಿಯವನು ತಂತಿ ಒರೆಸುತ್ತಾ. "ಬ್ಯಾಂಡಿಗೆ ಸೇರ್ತಿದಾನಲ್ಲ, ಗಿಟಾರಿಗೆ. ನಿಮಗೆ ಗೊತ್ತಿರಬೇಕಲ್ಲ?"

ನಮಗೆ ಗೊತ್ತಿರಲಿಲ್ಲ. ಒಂದು ಬ್ಯಾಂಡಿಗೆ ಒಂದು ಗಿಟಾರ್ ಸಾಕೆಂದು ಮಾತ್ರ ಗೊತ್ತಿತ್ತು. ಹೆಂಡತಿಯ ತಮ್ಮನನ್ನು ಅಕ್ಕನ ಜಾಗದಲ್ಲಿ ತಂದು ಕೂರಿಸಬೇಕು, ಅದಕ್ಕೆ ಈ ನೆವ! ಹೊಸ ಗಿಟಾರ್ ಕೊಳ್ಳಲು ಇವಳ ಕೈಲಾಗುವುದಿಲ್ಲವೆಂದು ಲೆಕ್ಕ ಹಾಕಿಯೇ ವಾರದ ಗಡುವು ಕೊಟ್ಟಿದ್ದಾನೆ. ನಾನು ಅಲ್ಲೇ, ಅಂಗಡಿಯ ನಡುವೆಯೇ ಸೂಟಿನ ವಂಶವನ್ನೆಲ್ಲ ಎತ್ತಿ ಆಡಿದೆ. ತಬಲ ಕೊಳ್ಳಲು ಬಂದಿದ್ದ ಮುದುಕರೊಬ್ಬರು ಹೆದರಿ ಹೊರಗೆ ಹೋದರು. ಅಕ್ಕ ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದಳು.

"ಈಗ್ಲೇ ನಡಿ ಅವನ ಮನೆಗೆ," ಎಂದೆ.

"ತಂತಿ ಅಂಗಡಿಗೆ ಹೋಗೋಣ ನಡಿ. ಒಂದು ಗಂಟೆಗೆ ಬಾಗಿಲು ಹಾಕ್ತಾರೆ," ಎಂದಳು.

ಅಲ್ಲಿ ಅತಿ ತೆಳುವಾದ ತಾಮ್ರದ ತಂತಿಯ ಒಂದು ಉಂಡೆ, ತಾಮ್ರದ ಹಾಳೆ, ಒಂದು ಸ್ವಿಚ್ಚು ಕೊಂಡಳು. ಕೊಂಡ ಮೇಲೂ ಬ್ಯಾಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಉಳಿದಿತ್ತು. "ಕತ್ತು ಚೆನ್ನಾಗಿದೆ, ಮರ ಚೆನ್ನಾಗಿದೆ. ಕೆಟ್ಟಿರೋದು ಹೊಟ್ಟೆಯೊಳಗಿಂದು. ಅದನ್ನೇ ಬದಲಾಯಿಸ್ತೀನಿ," ಎಂದಳು. ಸೂಟಿನ ಬಗ್ಗೆ, ಭಾಮೈದನ ಬಗ್ಗೆ ಒಂದಕ್ಷರ ಇಲ್ಲ. ನನಗೆ ಅವಳ ಮೇಲೂ ಸಿಟ್ಟು ಬಂತು.

ಗಿಟಾರಿನ ತಂತಿಗಳ ಕೆಳಗೆ ಎರಡು ಕಪ್ಪು ಪಟ್ಟಿಗಳಿರುತ್ತವೆ. ಪಿಕಪ್ ಅನ್ನುತ್ತಾರೆ. ಸದ್ದು ಹಿಡಿಯುವುದು ಅವೇ. ಒಂದೊಂದರಲ್ಲೂ ಒಂದು ಅಯಸ್ಕಾಂತ, ಜೊತೆಗೆ ಕೂದಲಿಗಿಂತ ತೆಳುವಾದ ತಂತಿಯ ಸಾವಿರಾರು ಸುತ್ತು. ಅಕ್ಕನ ಯೋಚನೆ ಇದು: ದೀಪಗಳ ಕರೆಂಟಿನಿಂದ ಬರುವ ಗುಂಯ್ ಎರಡಕ್ಕೂ ಒಂದೇ ಥರ ನುಗ್ಗುತ್ತದೆ. ಒಂದರ ತಂತಿಯನ್ನು ಬಿಚ್ಚಿ ಉಲ್ಟಾ ದಿಕ್ಕಿಗೆ ಸುತ್ತಿದರೆ, ಒಂದು ಎಳೆದದ್ದನ್ನು ಇನ್ನೊಂದು ತಳ್ಳುತ್ತದೆ, ಗುಂಯ್ ಅಲ್ಲೇ ಸಾಯುತ್ತದೆ.

ವಾರವಿಡೀ ಊಟದ ಹೊತ್ತಿನಲ್ಲಿ ಅವಳ ವೈಂಡಿಂಗ್ ಅಂಗಡಿಯಲ್ಲಿ ಅದೇ ಕೆಲಸ. ನನ್ನ ಮಧ್ಯಾಹ್ನದ ಟ್ರಿಪ್ ಆ ರಸ್ತೆಯಲ್ಲೇ ಮುಗಿಯುವುದರಿಂದ ಬುತ್ತಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಸುಟ್ಟ ವಾರ್ನಿಷಿನ ವಾಸನೆ, ಗೋಡೆಗೆ ನೇತುಹಾಕಿದ ಫ್ಯಾನಿನ ರೆಕ್ಕೆಗಳು, ನೆಲದ ತುಂಬ ತಾಮ್ರದ ಚೂರು. ಸುತ್ತುವ ಯಂತ್ರಕ್ಕೆ ಪಿಕಪ್ ಸಿಕ್ಕಿಸಿ, ತಂತಿಯನ್ನು ಎರಡು ಬೆರಳ ಮಧ್ಯೆ ಹಾಯಿಸುತ್ತಾ ಅಕ್ಕ ಹಿಡಿ ತಿರುಗಿಸುತ್ತಿದ್ದಳು. ಬೆರಳು ಒಂದಿಷ್ಟು ಬಿಗಿದರೂ ತಂತಿ ಪಟ್ ಅನ್ನುತ್ತಿತ್ತು. ಮೊದಲ ಸಲ ಎರಡು ಸಾವಿರ ಸುತ್ತಿಗೆ ತುಂಡಾಯಿತು. ಎರಡನೆಯ ಸಲ ಆರು ಸಾವಿರ ದಾಟಿದ ಮೇಲೆ!

"ಥೂ, ಇದರ ಮನೆ ಹಾಳಾಗ! ಬಿಸಾಕೇ ಅತ್ಲಾಗೆ," ಎಂದೆ ನಾನು.

ಅಂಗಡಿಯ ಮೇಸ್ತ್ರಿ ಇಣುಕಿ ನೋಡಿ, "ಏನಮ್ಮಾ, ಸೊಳ್ಳೆಗೆ ಫ್ಯಾನ್ ಮಾಡಿಕೊಡ್ತಿದೀಯಾ?" ಎಂದರು. ನಕ್ಕರೂ ಯಂತ್ರ ಬಿಟ್ಟುಕೊಟ್ಟ ಪುಣ್ಯಾತ್ಮ, ಅವರನ್ನು ಬೈಯಲಾರೆ. ಅಕ್ಕ ತುಂಡಾದ ತಂತಿಯನ್ನೆಲ್ಲ ಬಿಚ್ಚಿ ಬುಟ್ಟಿಗೆ ಹಾಕಿ, ಸೊನ್ನೆಯಿಂದ ಮತ್ತೆ ಶುರು ಮಾಡಿದಳು. ಶುಕ್ರವಾರ ಸುತ್ತಿ ಮುಗಿಯಿತು.

ಶನಿವಾರ ಮಧ್ಯಾಹ್ನ ಪ್ರಾಕ್ಟೀಸು. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಗೋದಾಮು ಅವರ ಜಾಗ. ನಾನು ರಜೆ ಹಾಕಿ ಹೋದೆ. ಕೇಳಲು ಬರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೆ. ನಿಜಕ್ಕೂ ಜಗಳಕ್ಕೆ ಹೋಗಿದ್ದೆ. ಭಾಮೈದ ಆಗಲೇ ಬಂದು ಸ್ಪೀಕರಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದ. ಮೂವತ್ತು ದಾಟಿದವನು, ಮಾಡುವ ಕೆಲಸವೇನೂ ಇಲ್ಲ. ಮೈಯಿಂದ ಸೆಂಟಿನ ವಾಸನೆ ಬಾಗಿಲ ತನಕ ಹೊಡೆಯುತ್ತಿತ್ತು.

ಅಕ್ಕ ಗಿಟಾರ್ ಸಿಕ್ಕಿಸಿದಳು. ಸದ್ದೇ ಇಲ್ಲ! ಮೇಲೆ ಆರು ಟ್ಯೂಬ್‌ಲೈಟು ಉರಿಯುತ್ತಿದ್ದರೂ ಸ್ಪೀಕರ್ ತೆಪ್ಪಗಿತ್ತು. ಕೀಬೋರ್ಡ್ ನುಡಿಸುವ ದಪ್ಪ ಕನ್ನಡಕದವರು, ಸೋಡಾಬುಡ್ಡಿ ಎಂದು ಎಲ್ಲರೂ ಕರೆಯುವವರು, "ಅರೆರೆ!" ಎಂದು ಎದ್ದು ನಿಂತರು. ನನಗೆ ಕುಣಿಯುವಂತಾಯಿತು.

ಆಮೇಲೆ ಅಕ್ಕ ನುಡಿಸಿದಳು. ಸ್ವರದಲ್ಲಿ ಜೀವವೇ ಇರಲಿಲ್ಲ. ಪಕ್ಕದ ಮನೆಯ ರೇಡಿಯೋ ಕಿಟಕಿ ಮುಚ್ಚಿದ ಮೇಲೆ ಕೇಳಿದ ಹಾಗೆ ಸಣ್ಣಗೆ, ಬಡಕಲಾಗಿ ಬಂತು. ಅಕ್ಕ ಸ್ವಿಚ್ಚು ಆಚೀಚೆ ಮಾಡಿದಳು. ಒಂದೊಂದೇ ಪಿಕಪ್ ಹಾಕಿದರೆ ಸ್ವರ ತುಂಬಿ ಬರುತ್ತದೆ, ಜೊತೆಗೆ ಗುಂಯ್ ಬರುತ್ತದೆ. ಎರಡೂ ಹಾಕಿದರೆ ಗುಂಯ್ ಹೋಗುತ್ತದೆ, ಸ್ವರವೂ ಹೋಗುತ್ತದೆ. ಅವಳ ಮುಖ ಸಣ್ಣದಾಯಿತು.

ಸೂಟು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಹಲ್ಲು ಕಿಸಿದ. "ಫ್ಯಾನ್ ರಿಪೇರಿಯವರು ಗಿಟಾರ್ ಬಿಚ್ಚಿದ್ರೆ ಇನ್ನೇನಾಗುತ್ತೆ? ಕೈ ಅಡ್ಡ ಇಟ್ಟು ನೋಡ್ರೋ, ಗಾಳಿಯಾದ್ರೂ ಬರ್ತಿದೆಯಾ ಅಂತ."

ಎಲ್ಲರೂ ನಕ್ಕರು. ಡ್ರಮ್ಮಿನವನು ನಕ್ಕ, ಹಾಡುವವಳು ನಕ್ಕಳು. ಭಾಮೈದ ಸ್ಪೀಕರಿನಿಂದ ಬೀಳುವ ಹಾಗೆ ನಕ್ಕ. ನನಗೆ ಪಿತ್ತ ನೆತ್ತಿಗೇರಿತು.

"ನಗ್ತೀರಾ? ನಗ್ರಿ ನಗ್ರಿ!" ಎಂದು ಗೋದಾಮು ಹಾರಿಹೋಗುವಂತೆ ಕೂಗಿದೆ. "ನಿಮ್ಮ ಗುಜರಿ ಸಾಮಾನನ್ನೆಲ್ಲ ಒಂದು ಊಟದ ಹೊತ್ತಲ್ಲಿ ರಿಪೇರಿ ಮಾಡಿ ಬಿಸಾಕ್ತಾಳೆ ನಮ್ಮಕ್ಕ. ಅವಳ ಕೈಗಿರೋ ಬುದ್ಧಿ ನಿಮ್ಮ ತಲೆಗಳಿಗಿಲ್ಲ. ನಾಳೆ ಬರ್ತೀವಲ್ಲ, ಆಗ ಕೇಳ್ರಿ! ಅವಳು ಕೈಯಾಡಿಸಿದ ಗಿಟಾರ್ ಯಾರು ನುಡಿಸಿದ್ರೂ ಹಾಡುತ್ತೆ. ಅಗೋ, ಆ ನಿಮ್ಮ ಭಾಮೈದ ನುಡಿಸಿದ್ರೂ ಹಾಡುತ್ತೆ!"

ಅಕ್ಕ ತಿರುಗಿ ಒಮ್ಮೆ ನನ್ನನ್ನು ನೋಡಿದಳು. ಹೆಮ್ಮೆಪಟ್ಟಳು ಎಂದುಕೊಂಡೆ. ಎಂಥ ಮಂಕು ಕವಿದಿತ್ತೋ ನನಗೆ.

ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಗಿಟಾರ್ ಮಲಗಿಸಿ ಬಿಚ್ಚಿದಳು. ಅಮ್ಮ ಹುರುಳಿಕಾಯಿ ಸೋಸುತ್ತಾ, "ಆ ಕಟ್ಟಿಗೆ ಇನ್ನೂ ಬದುಕಿದೆಯಾ?" ಎಂದಳು. ಅಕ್ಕ ಪಿಕಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು.

"ನಾನೆಂಥ ದಡ್ಡ ಮುಂಡೇದು! ಹತ್ತೊಂಬತ್ತು ವರ್ಷ ಮೋಟಾರ್ ಸುತ್ತಿ ಸುತ್ತಿ ತಲೆ ಹೀಗಾಗಿದೆ."

"ಏನಾಯ್ತೇ?"

"ನಾವು ಸುತ್ತೋ ಮೋಟಾರಲ್ಲಿ ಬೇರೆ ಅಯಸ್ಕಾಂತ ಇರಲ್ಲ ಕಣೇ. ಕರೆಂಟ್ ಹರಿದಾಗ ತಂತಿಯೇ ಅಯಸ್ಕಾಂತ ಆಗುತ್ತೆ. ಸುತ್ತು ಉಲ್ಟಾ ಮಾಡಿದ್ರೆ ಅದೂ ತಾನಾಗೇ ಉಲ್ಟಾ ಆಗುತ್ತೆ. ಇದರಲ್ಲಿ ಅಯಸ್ಕಾಂತ ಬೇರೇನೇ ಇದೆ, ಕಣ್ಮುಂದೇನೇ ಇದೆ! ಅದನ್ನೂ ತಿರುಗಿಸಬೇಕಿತ್ತು. ಬರೀ ತಂತಿ ತಿರುಗಿಸಿದೆ. ಗುಂಯ್ ಗುಂಯ್‌ನ ಹೊಡೆದು ಹಾಕ್ತು, ಸ್ವರ ಸ್ವರಾನೂ ಹೊಡೆದು ಹಾಕ್ತು."

ಗಿಟಾರ್ ಬಲ್ಲವರು ಯಾರೂ ಈ ತಪ್ಪು ಮಾಡುವುದಿಲ್ಲವಂತೆ. ಮೋಟಾರ್ ಬಲ್ಲವರಷ್ಟೇ ಮಾಡಬಹುದಾದ ತಪ್ಪು. ಪಟ್ಟಿಯ ಅಡಿಯಿಂದ ಅಯಸ್ಕಾಂತವನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ, ಮಗುಚಿ, ಅಂಟು ಹಾಕಿ ಕೂರಿಸಿದಳು. ಹತ್ತು ನಿಮಿಷದ ಕೆಲಸ. ಮನೆಯ ಪುಟ್ಟ ಸ್ಪೀಕರಿಗೆ ಸಿಕ್ಕಿಸಿ ತಂತಿ ಮೀಟಿದಳು. ಗುಂಯ್ ಇಲ್ಲ. ಸ್ವರ ಮೇಜನ್ನೂ ತಟ್ಟೆಗಳನ್ನೂ ನಡುಗಿಸಿತು. ಕಿವಿ ಸರಿಯಾಗಿ ಕೇಳದ ಅಮ್ಮ ಕೂಡ ಹುರುಳಿಕಾಯಿ ಬಿಟ್ಟು ತಲೆ ಎತ್ತಿದಳು. ನಾನು ಆಗಲೇ ಫೋನ್ ಹಿಡಿದು ನನ್ನ ಬಸ್ಸಿನ ಡ್ರೈವರ್‌ಗೆ, ನಾಳೆ ಆ ಸೂಟಿನ ಮುಖಕ್ಕೆ ಹೇಗೆ ಮಂಗಳಾರತಿ ಆಗುತ್ತದೆಂದು ವರ್ಣಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನ ಒಂದು ಹೋಟೆಲಿನ ದೊಡ್ಡ ಹಾಲ್‌ನಲ್ಲಿ ಯಾವುದೋ ಕಂಪನಿಯ ವಾರ್ಷಿಕ ಕೂಟ. ಅತಿಥಿಗಳು ಬರುವ ಮೊದಲು ದೀಪಗಳನ್ನೆಲ್ಲ ಹಾಕಿ ಸದ್ದು ಪರೀಕ್ಷೆ ಮಾಡಿದರು. ಅಕ್ಕ ಕಂಬದ ಹಿಂದಿನ ತನ್ನ ಜಾಗದಲ್ಲಿ ನಿಂತು ನುಡಿಸಿದಳು. ಸೋಡಾಬುಡ್ಡಿಯವರು ಕನ್ನಡಕ ತೆಗೆದು ಒರೆಸಿಕೊಂಡು, "ನೂರಕ್ಕೆ ನೂರು!" ಎಂದರು. ನಾನು ಮೆಟ್ಟಿಲ ಬಳಿ ಎದೆ ಸೆಟೆಸಿ ನಿಂತು ಸೂಟಿನ ಮುಖವನ್ನೇ ನೋಡುತ್ತಿದ್ದೆ.

ಅವನ ಮುಖ ಸಪ್ಪಗಾಗಲಿಲ್ಲ. ಅರಳಿತು. ಹತ್ತಿರ ಬಂದು, "ಒಂದ್ನಿಮಿಷ ಕೊಡಿ ಇಲ್ಲಿ," ಎಂದ. ನೋಡಲು ಕೇಳುತ್ತಿದ್ದಾನೆಂದು ಅಕ್ಕ ಕೊಟ್ಟಳು. ಅವನು ಅದನ್ನು ಭಾಮೈದನ ಕೊರಳಿಗೆ ಹಾಕಿದ. ಭಾಮೈದ ತಂತಿಗಳ ಮೇಲೆ ಮೂರೇ ಮೂರು ಪಟ್ಟು ಹಿಡಿದು ಬಾರಿಸಿದ, ಶಾಲೆಯ ಮಕ್ಕಳೂ ಬಾರಿಸುವಂಥದ್ದು. ಗಿಟಾರ್ ಒಳ್ಳೆಯದು, ಚೆನ್ನಾಗಿಯೇ ಕೇಳಿಸಿತು.

"ನಿಮ್ಮ ತಂಗಿ ಹೇಳಿದ್ದು ನಿಜಾನೇ ಕಣ್ರೀ," ಎಂದ ಸೂಟು, ಜೇನು ಸುರಿಯುವ ದನಿಯಲ್ಲಿ. "ಯಾರು ನುಡಿಸಿದ್ರೂ ಹಾಡುತ್ತೆ. ಇವತ್ತಿಂದ ಇವನು ನುಡಿಸ್ಲಿ. ನಿಮ್ಮ ಕೈಗೆ ಒಳ್ಳೇ ರಿಪೇರಿ ವಿದ್ಯೆ ಇದೆ, ನೀವು ನಮ್ಮ ವೈರು, ಸ್ಪೀಕರು, ಮೈಕು ಎಲ್ಲ ನೋಡ್ಕೊಳ್ಳಿ. ಕೊಡೋದು ಅಷ್ಟೇ ಕೊಡ್ತೀನಿ. ನಿಂತು ನಿಂತು ಕಾಲು ನೋಯೋದೂ ತಪ್ಪುತ್ತೆ."

ನನ್ನ ಮಾತು! ನನ್ನದೇ ಮಾತನ್ನು ಎತ್ತಿ ನನ್ನ ಅಕ್ಕನ ಮೇಲೆ ಹಾಕಿದ. ನಾನು ಮೆಟ್ಟಿಲು ಹತ್ತಿದೆ, ಬಾಯಿ ತೆರೆದೆ.

"ನೀನು ಬಾಯಿ ಮುಚ್ಚು," ಎಂದಳು ಅಕ್ಕ. ಆ ದನಿ ನಾನು ಕೇಳಿರಲಿಲ್ಲ. ಇದ್ದಲ್ಲೇ ನಿಂತೆ.

ಅವಳು ಭಾಮೈದನ ಕೊರಳಿನಿಂದ ಪಟ್ಟಿ ಎತ್ತಿ ಗಿಟಾರ್ ತೆಗೆದುಕೊಂಡಳು. "ಹದಿನಾರು ವರ್ಷ. ಹಿಂದೆ ನಿಲ್ಲು ಅಂದ್ರಿ, ನಿಂತೆ. ಜ್ವರ ಬಂದಾಗ ಬಂದೆ, ಅಪ್ಪ ತೀರಿಕೊಂಡ ವಾರಾನೂ ಬಂದೆ. ಒಂದು ದಿನ, ಒಂದೇ ಒಂದು ದಿನ ನಾನು ತಾಳ ತಪ್ಪಿದೀನಾ? ಇಲ್ಲಿ ಎಲ್ರೂ ಇದೀರಲ್ಲ, ಯಾರಾದ್ರೂ ಹೇಳಿ. ತಪ್ಪಿದ್ರೆ ಈಗ್ಲೇ ಇಳೀತೀನಿ."

ಸೂಟು ಗಡಿಯಾರ ನೋಡಿಕೊಂಡ. ಡ್ರಮ್ಮಿನವನು ಕೋಲು ಹುಡುಕುವವನ ಹಾಗೆ ಬಗ್ಗಿದ. ಹಾಡುವವಳು ನೀರು ಕುಡಿದಳು. ಒಂದು ನಿಮಿಷದ ಹಿಂದೆ ನೂರಕ್ಕೆ ನೂರು ಅಂದಿದ್ದ ಸೋಡಾಬುಡ್ಡಿ ಕೂಡ ಕೀಬೋರ್ಡಿನ ಮೇಲಿನ ಧೂಳು ಒರೆಸುತ್ತಾ ನಿಂತ. ನರಸತ್ತ ಜನ! ಸೂಟನ್ನಾದರೂ ಒಂದು ದಿನ ಕ್ಷಮಿಸಿಯೇನು, ಇವರನ್ನು ಈ ಜನ್ಮದಲ್ಲಿ ಕ್ಷಮಿಸಲಾರೆ.

"ಗಿಟಾರ್ ನಿಮ್ಮದು, ಬ್ಯಾಂಡ್ ನಮ್ಮದು," ಎಂದ ಸೂಟು. "ಅತಿಥಿಗಳು ಬರ್ತಿದಾರೆ. ಏನಂತೀರಿ?"

ಅಕ್ಕ ಗಿಟಾರನ್ನು ಚೀಲಕ್ಕೆ ಹಾಕಿ, ಹೊಸ ಸೀರೆ ಉಟ್ಟವರ, ಇಸ್ತ್ರಿ ಅಂಗಿ ತೊಟ್ಟವರ ನಡುವೆ ಹಾದು ಹೊರಗೆ ನಡೆದಳು. ನಾವು ಗೇಟು ದಾಟುವಾಗ ಒಳಗೆ ಹಾಡು ಶುರುವಾಯಿತು, ಗಿಟಾರ್ ಇಲ್ಲದೆ. ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಬಸ್ ನಿಲ್ದಾಣದಲ್ಲಿ ಬಿಸಿಲು ಸುಡುತ್ತಿತ್ತು. ನಾನು ಶುರು ಮಾಡಿದೆ. ಆ ಸೂಟು ಹಾಳಾಗಿಹೋಗಲಿ, ಆ ಭಾಮೈದನ ಬೆರಳು ಸೇದಿಹೋಗಲಿ, ನಾಳೆಯೇ ಅವನ ಮನೆ ಮುಂದೆ ನಿಂತು ಬೀದಿಯವರಿಗೆಲ್ಲ ಕೇಳುವಂತೆ...

"ಸಾಕು ಮಾಡು," ಎಂದಳು ಅಕ್ಕ. "ಆ ಮಾತು ಅವರಿಗೆ ಕೊಟ್ಟಿದ್ದು ನೀನು."

"ನಾನು ನಿನ್ನ ಪರವಾಗಿ ತಾನೇ ಕಣೇ..."

"ನನ್ನ ಪರವಾಗಿ ಎಲ್ಲಿ ಮಾತಾಡಿದೆ? ರಿಪೇರಿ ಪರವಾಗಿ ಮಾತಾಡಿದೆ. ಫ್ಯಾನ್ ಕೆಟ್ರೆ ಯಾರು ಬೇಕಾದ್ರೂ ಕಟ್ಟಿಕೊಡ್ತಾರೆ, ಆ ಮೇಸ್ತ್ರಿ ಕಟ್ತಾರೆ, ನಾನೂ ಕಟ್ತೀನಿ. ಗಿಟಾರ್ ಹಾಗಲ್ಲ. ಅದೊಂದು ನನ್ನದು ಅಂದ್ಕೊಂಡಿದ್ದೆ." ಅವಳ ಕಣ್ಣು ತುಂಬಿತ್ತು, ಅಳುವಲ್ಲ, ಸಿಟ್ಟು. "ಅವರಾದ್ರೆ ಹೊರಗಿನವರು. ನೀನು ಹದಿನಾರು ವರ್ಷದಿಂದ ಒಂದೇ ಮನೇಲಿದೀಯ. ದಿನಾ ನುಡಿಸ್ತೀನಿ. ನಿಜ ಹೇಳು, ಯಾರು ನುಡಿಸಿದ್ರೂ ಅಷ್ಟೇ ಅಂತ ಅನ್ನಿಸಿದೆಯಾ ನಿನಗೆ?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ, ಹಾಗಾದರೆ ನಾನು ಹೇಗೆ ನುಡಿಸುತ್ತೇನೆ ಹೇಳು ಎಂದು ಕೇಳುತ್ತಾಳೆ. ಅಕ್ಕ ನುಡಿಸುವುದನ್ನು ನಾನು ಒಂದು ದಿನವೂ ಕೂತು ಕೇಳಿದವಳಲ್ಲ. ಆ ಹೊತ್ತಿಗೆಲ್ಲ ನಾನು ಯಾರ ಮೇಲಾದರೂ ಕೂಗಾಡುತ್ತಿದ್ದೆ.